ಭಾಗೀರಥಿಯ ಹೊಟ್ಟೆಯಲ್ಲಿ ನನ್ನ ಜನಿವಾರ

ನೂಲಹುಣ್ಣಿಮೆಯ ಮರುದಿನ ಬೆಳಿಗ್ಗೆ ಭಾಗೀರಥಿ ಹಾಲು ಮುಟ್ಟಲಿಲ್ಲ.

ಭಾಗೀರಥಿ ಅಂದರೆ ನಮ್ಮ ಮನೆಯ ಬೆಕ್ಕು. ಬಿಳಿ ಮೈ, ಬೆನ್ನ ಮೇಲೆ ಮಸಿ ಚೆಲ್ಲಿದಂಥ ಒಂದು ಮಚ್ಚೆ. ಹೆಸರಿಟ್ಟವಳು ನನ್ನ ಅಪ್ಪನ ತಂಗಿ ಗೋದಾತ್ಯಾ. ಹೊತ್ತು ಹೊತ್ತಿಗೆ ತನ್ನ ಮೈಯನ್ನು ತಾನೇ ನೆಕ್ಕಿ ತೊಳೆದುಕೊಳ್ಳುವ ಪ್ರಾಣಿಗೆ ಗಂಗೆಯ ಹೆಸರಲ್ಲದೆ ಬೇರೆ ಯಾವ ಹೆಸರು ಒಪ್ಪೀತು ಎಂಬುದು ಅವಳ ವಾದ. ಆ ವಾದದ ಬಾಲಕ್ಕೆ ಇನ್ನೊಂದು ಪ್ರಶ್ನೆ ಕಟ್ಟಿರುತ್ತಿತ್ತು: "ಅಕಿ ದಿನಾ ಇಷ್ಟ ಸಲ ಸ್ನಾನಾ ಮಾಡ್ತಾಳ. ನೀ ಎಷ್ಟ ಸಲ ಮಾಡ್ತಿ?" ಸವಣೂರಿನ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುವ ನಾನು, ಅಮರಕೋಶ ಬಾಯಿಪಾಠ ಇರುವ ನಾನು, ಈ ಪ್ರಶ್ನೆಗೆ ಎಂದೂ ಸಮರ್ಪಕ ಉತ್ತರ ಕೊಟ್ಟವನಲ್ಲ.

ಬೆಕ್ಕು ಹಾಲು ಬಿಟ್ಟಿತೆಂದು ನಾನು ಚಿಂತೆ ಮಾಡಲಿಲ್ಲ. ಹಿಂದಿನ ದಿನ ಹಬ್ಬ. ಹಯಗ್ರೀವ ಆಗಿತ್ತು. ಕಡಲೆಬೇಳೆ, ಬೆಲ್ಲ, ತುಪ್ಪ ಸೇರಿದ ಆ ಸಿಹಿಯನ್ನು ಎರಡನೇ ಸಲ ಹಾಕಿಸಿಕೊಂಡವರೆಲ್ಲ ಮರುದಿನ ಹೊಟ್ಟೆ ಹಿಡಿದುಕೊಂಡು ತಿರುಗುವುದು ನಮ್ಮ ಮನೆತನದ ಪದ್ಧತಿ. ಬೆಕ್ಕೂ ಮನೆಯವರ ಪೈಕಿಯೇ.

ಮಧ್ಯಾಹ್ನ ವಾಂತಿ ಮಾಡಿತು. ಬಿಳಿ ನೊರೆ. ಸಂಜೆ ಮತ್ತೆ ನೊರೆ, ಅದರಲ್ಲಿ ಸ್ವಲ್ಪ ಹಳದಿ. ಆಮೇಲೆ ಒಲೆಯ ಹಿಂದಿನ ಸಂದಿಗೆ ಹೋಗಿ, ಕಾಲುಗಳನ್ನು ಹೊಟ್ಟೆಯ ಕೆಳಗೆ ಮಡಚಿಕೊಂಡು ಕೂತಿತು. ಕರೆದರೆ ಕಿವಿ ಆಡಿಸಲಿಲ್ಲ. ಬಾಯಿಯ ಒಂದು ಮೂಲೆಯಿಂದ ಜೊಲ್ಲು ಇಳಿಯುತ್ತಿತ್ತು.

ಆಗ ನನಗೆ ಕಿಟಕಿ ನೆನಪಾಯಿತು.

ಹುಣ್ಣಿಮೆಯ ದಿನ ಹೊಸ ಜನಿವಾರ ಹಾಕಿಕೊಂಡ ಮೇಲೆ ಹಳೆಯದನ್ನು ಹರಿಯುವ ನೀರಿಗೋ ಕೆರೆಗೋ ಬಿಡಬೇಕು. ಎಲ್ಲರೂ ಬಿಟ್ಟರು. ನಾನು ಮಾತ್ರ, ಹೊರಗೆ ಶ್ರಾವಣದ ಜಿಟಿಜಿಟಿ ಇದೆ, ಸಂಜೆ ಕೆರೆಯ ಕಡೆ ತಿರುಗಾಡಲು ಹೋದಾಗ ಬಿಟ್ಟರಾಯಿತು ಎಂದು ಪಡಸಾಲೆಯ ಕಿಟಕಿಯ ಸರಳಿಗೆ ತೂಗುಹಾಕಿದೆ. ಬೆಳಗಿನ ಹೋಮದಲ್ಲಿ ತುಪ್ಪ ನನ್ನ ಮೊಣಕೈತನಕ ಹರಿದಿತ್ತು. ಜನಿವಾರವೂ ತುಪ್ಪ ಕುಡಿದಿತ್ತು. ಒಂದು ಬೆಕ್ಕಿನ ಕಣ್ಣಿನಿಂದ ನೋಡಿದರೆ, ಅದು ತುಪ್ಪದಲ್ಲಿ ಅದ್ದಿ, ಗಾಳಿಗೆ ಅಲುಗಾಡುವಂತೆ ತೂಗುಬಿಟ್ಟ, ಯಾರೋ ಪ್ರೀತಿಯಿಂದ ಮಾಡಿಸಿಟ್ಟ ಆಟಿಕೆ. ಸಂಜೆ ನಾನು ತಿರುಗಾಡಲು ಹೋಗಲಿಲ್ಲ. ಮಲಗಿದೆ.

ಕಿಟಕಿಯಲ್ಲಿ ಜನಿವಾರ ಇರಲಿಲ್ಲ.

ನಾನು ಬೆಕ್ಕನ್ನು ಸಂದಿಯಿಂದ ಎತ್ತಿ ಬಾಯಿ ತೆರೆದು ನೋಡಿದೆ. ನಾಲಗೆಯ ಬುಡಕ್ಕೆ ಎಳೆಯೊಂದು ಸುತ್ತಿಕೊಂಡು ಗಂಟಲೊಳಗೆ ಇಳಿದಿತ್ತು. ವಿದ್ಯಾವಂತನಾದವನು ಇಂಥ ಹೊತ್ತಿನಲ್ಲಿ ಏನು ಮಾಡಬೇಕೋ ಅದನ್ನೇ ಮಾಡಿದೆ.

ಹಿಡಿದು ಎಳೆದೆ.

ಆ ಕೂಗನ್ನು ಬರೆಯಲು ನನಗೆ ಬರುವುದಿಲ್ಲ. ಅಡಿಗೆಮನೆಯಿಂದ ಗೋದಾತ್ಯಾ ಓಡಿ ಬಂದಳು.

ಇಲ್ಲಿ ಗೋದಾತ್ಯಾನ ವಿಷಯ ಹೇಳಬೇಕು. ಗಂಡ ತೀರಿಕೊಂಡ ಮೇಲೆ, ನಾನಿನ್ನೂ ಚಡ್ಡಿ ಹಾಕುವ ಕಾಲದಿಂದ, ಅವಳು ನಮ್ಮ ಮನೆಯಲ್ಲಿಯೇ ಇದ್ದಾಳೆ. ಮಡಿ ಅಂದರೆ ಅವಳ ಮಡಿ. ಬೆಳಕು ಹರಿಯುವ ಮುಂಚೆ ತಣ್ಣೀರು ಸುರಿದುಕೊಂಡು, ಒದ್ದೆ ಸೀರೆ ಸುತ್ತಿ ಅಡಿಗೆಮನೆ ಹೊಕ್ಕರೆ, ದೇವರ ನೈವೇದ್ಯವಾಗಿ ಎಲ್ಲರ ಊಟ ಮುಗಿಯುವತನಕ ಯಾರೂ ಅವಳನ್ನು ಮುಟ್ಟಬಾರದು. ಊಟದ ನಂತರ ಮುಟ್ಟಬಹುದು, ಆದರೆ ಅಷ್ಟೊತ್ತಿಗೆ ಮುಟ್ಟದಿರುವುದೇ ಎಲ್ಲರಿಗೂ ರೂಢಿಯಾಗಿರುತ್ತದೆ. ನನ್ನ ಅಪ್ಪ ತೀರಿಕೊಂಡ ದಿನ ಅವಳು ನನ್ನ ತಲೆಯ ಮೇಲೆ ಕೈ ಇಟ್ಟಿದ್ದಳು. ಅದರ ಮುಂದಿನ ಸಲ ಯಾವಾಗ ಎಂದು ಕೇಳಿದರೆ ನನಗೆ ನೆನಪಾಗುವುದಿಲ್ಲ.

ಈ ನಿಯಮಕ್ಕೆ ಒಂದೇ ಒಂದು ವಿನಾಯಿತಿ. ಬೆಕ್ಕಿಗೆ ಮೈಲಿಗೆ ಇಲ್ಲ. ಹಿಂದಿನವರು ಹಾಗೆ ತೀರ್ಮಾನಿಸಿದ್ದಾರೆ, ಪ್ರಾಯಶಃ ಬೆಕ್ಕನ್ನು ಅಡಿಗೆಮನೆಯಿಂದ ಹೊರಗಿಡಲು ಸೋತ ಮೇಲೆ. ಹೀಗಾಗಿ ದಿನಾ ಬೆಳಿಗ್ಗೆ ಬೇಳೆ ಬೇಯುವಾಗ ಅವಳ ಒದ್ದೆ ಸೀರೆಯ ಮಡಿಲಲ್ಲಿ ಏರಿ ಕೂಡಬಲ್ಲ ಜೀವ ಈ ಜಗತ್ತಿನಲ್ಲಿ ಒಂದೇ. ಅವಳ ಕೈ ಸುಮ್ಮನೆ ಅದರ ಬೆನ್ನ ಮೇಲೆ ಇರುತ್ತಿತ್ತು. ಸಂಸ್ಕೃತ ಶ್ಲೋಕಗಳಿಗೆ ಅರ್ಥ ಹೇಳುವ ನನಗೆ, ಆ ಕೈಗೆ ಅದು ಏನು ಎಂಬುದು ತಿಳಿಯದ್ದೇನಲ್ಲ. ತಿಳಿದಿತ್ತು. ಅದಕ್ಕೇ ಮುಂದಿನದೆಲ್ಲ ಹೆಚ್ಚು ನಾಚಿಕೆಯದು.

"ಏನ್ ಮಾಡಿದ್ಯೋ ಅಕಿಗೆ?"

"ದಾರ ನುಂಗೇದ ಅತ್ಯಾ."

"ಯಾವ ದಾರ?"

"ಹಳೇ ಜನಿವಾರ."

ಗೋದಾತ್ಯಾ ನನ್ನನ್ನು ನೋಡಿದಳು. ಕಿಟಕಿಯನ್ನು ನೋಡಿದಳು. "ಕೆರೀಗೆ ಹೋಗಲಿಕ್ಕೆ ನಿನಗೆ ಪಾಲಕಿ ಬೇಕಾಗಿತ್ತೇನು?" ಅಂದಳು. ಅಷ್ಟರಲ್ಲಿ ಅಲ್ಲಿಗೆ ಬಂದ ನನ್ನ ಹೆಂಡತಿ ಸುಶೀಲಾ, "ನಮ್ಮನ್ಯಾಗ ಬೆಕ್ಕಿಗೂ ಮುಂಜಿವಿ ಆತು ಅನ್ರಿ" ಎಂದಳು. ಯಾರೂ ನಗಲಿಲ್ಲ. ಅವಳೂ ನಗಲಿಲ್ಲ.

ನಾನು ಹೇಳಿದ್ದು ಸತ್ಯವೇ. ಪೂರ್ತಿ ಅಲ್ಲ.

ನನ್ನ ಜನಿವಾರ ಬರೀ ಜನಿವಾರ ಆಗಿರಲಿಲ್ಲ. ಅದಕ್ಕೆ ಟ್ರಂಕಿನ ಕೀಲಿಕೈ ಕಟ್ಟಿರುತ್ತಿತ್ತು. ಕಾಲಿಗೆ ಚುಚ್ಚಿದ ಮುಳ್ಳು ತೆಗೆಯಲೆಂದು ಒಂದು ಸಣ್ಣ ಸೇಫ್ಟಿ ಪಿನ್ನೂ ಸಿಕ್ಕಿಸಿರುತ್ತಿತ್ತು. ನಮ್ಮ ಕಡೆಯ ಎಷ್ಟೋ ಗಂಡಸರು ಹೀಗೆಯೇ. ಪವಿತ್ರವಾದ ಮೂರು ಎಳೆಯನ್ನು ಹೆಗಲ ಮೇಲೆ ಹೊತ್ತ ಮೇಲೆ ಅದರಿಂದ ಒಂದಿಷ್ಟು ಕೆಲಸವನ್ನೂ ತೆಗೆದುಕೊಳ್ಳುತ್ತೇವೆ. ಗೋದಾತ್ಯಾಗೆ ಇದು ಕಂಡರಾಗದು. "ಜನಿವಾರ ಅಂದ್ರ ಕೀಲಿಕೈ ಹಾಕೋ ಗೂಟ ಅಲ್ಲ" ಎಂದು ನನ್ನ ಅಪ್ಪನನ್ನೂ ಬೈದವಳು ಅವಳು. ಆದ್ದರಿಂದ ನನ್ನ ಆ ಸಾಮಾನುಗಳು ಬನಿಯನ್ನಿನ ಒಳಗೆ ಗುಪ್ತವಾಸದಲ್ಲಿದ್ದವು.

ಹುಣ್ಣಿಮೆಯ ದಿನ ಕೀಲಿಕೈಯನ್ನು ಹೊಸ ಜನಿವಾರಕ್ಕೆ ಬದಲಿಸಿದ್ದು ನನಗೆ ಚೆನ್ನಾಗಿ ನೆನಪಿತ್ತು.

ಪಿನ್ ಬದಲಿಸಿದ್ದು ನೆನಪಿರಲಿಲ್ಲ.

ಆ ಸಂಜೆ ನಾನು ಟ್ರಂಕು, ಹಾಸಿಗೆ, ದೇವರ ಮನೆ, ಬಚ್ಚಲು ಎಲ್ಲ ಹುಡುಕಿದೆ. "ಏನು ಹುಡಕ್ತೀರಿ?" ಎಂದು ಸುಶೀಲಾ ಕೇಳಿದಾಗ "ಪೆನ್ನು" ಅಂದೆ. ಪೆನ್ನು ನನ್ನ ಅಂಗಿಯ ಜೇಬಿನಲ್ಲಿ ಎಲ್ಲರಿಗೂ ಕಾಣುವಂತೆ ಇತ್ತು.

ನಮ್ಮೂರ ದನದ ದವಾಖಾನೆಯ ಡಾಕ್ಟರಿಗೆ ವರ್ಗವಾಗಿ, ಬದಲಿಯವರು ಇನ್ನೂ ಬಂದಿರಲಿಲ್ಲ. ಮರುದಿನ ಬೆಕ್ಕನ್ನು ಹೂವಿನ ಬುಟ್ಟಿಯಲ್ಲಿಟ್ಟು, ಮೇಲೆ ಪಂಚೆ ಕಟ್ಟಿ, ಬಸ್ಸು ಹತ್ತಿ ಶಿಗ್ಗಾವಿಗೆ ಹೋದೆ. ಅಲ್ಲಿಯ ಡಾಕ್ಟರು ಚಿಕ್ಕೇರೂರ ಕಡೆಯವರು. ಎತ್ತರದ ಆಳು. ಒಂದೊಂದು ಅಂಗೈ ಒಂದೊಂದು ರೊಟ್ಟಿಯಷ್ಟು. ಅವರ ಮುಂದೆ ಎಮ್ಮೆಗಳು, ಎತ್ತುಗಳು, ಒಂದು ಕುಂಟುವ ಹೋತ. ನಡುವೆ ಬುಟ್ಟಿ ಹಿಡಿದ ನಾನು.

"ಬೆಕ್ಕೇನ್ರಿ?" ಅಂದರು ಡಾಕ್ಟರು. "ಈ ದವಾಖಾನಿಗೆ ಬೆಕ್ಕು ಬಂದಿದ್ದು ನಾ ನೋಡಿಲ್ಲ ಬಿಡ್ರಿ. ಬರ್ರಿ, ಕುಂಡ್ರಿ."

ಬಾಯಿ ತೆರೆದು ಟಾರ್ಚು ಬಿಟ್ಟರು. "ಎಳದೀರೇನು?"

"ಸ್ವಲ್ಪ."

"ಎಳೀಬಾರದ್ರಿ ಮಾಸ್ತರ. ಒಂದ್ ತುದಿ ನಾಲಿಗಿಗೆ ಸಿಕ್ಕೈತಿ, ಇನ್ನೊಂದು ತುದಿ ಕರುಳಾಗ ಹೊಂಟೈತಿ. ನಡುವ ಎಳದ್ರ ಕರುಳು ನಿರಿಗಿ ಹಿಡದಂಗ ಕೂಡತಾವು. ದಾರ ಕುಯ್ಕೊಂತ ಹೋಗತೈತಿ." ಕತ್ತರಿಯಿಂದ ನಾಲಗೆಯ ಬುಡದ ಎಳೆಯನ್ನು ಕತ್ತರಿಸಿದರು. ಅಷ್ಟು ದೊಡ್ಡ ಕೈ ಅಷ್ಟು ಹಗುರವಾಗಿ ಕೆಲಸ ಮಾಡಿದ್ದನ್ನು ನೋಡಿ ನನಗೆ ಧೈರ್ಯ ಬಂತು. ಮುಂದೆ ಅವರು ಕೇಳಿದ ಪ್ರಶ್ನೆಗೆ ಆ ಧೈರ್ಯ ಹೋಯಿತು.

"ಏನ್ ದಾರರಿ ಇದು? ಸೂಜಿ ಗೀಜಿ ಇತ್ತೇನು?"

"ಸೂಜಿ ಇರಲಿಲ್ಲ," ಅಂದೆ.

ಇದು ಸತ್ಯ. ಸೂಜಿ ಇರಲಿಲ್ಲ. ಪಿನ್ನಿನ ಬಗ್ಗೆ ಅವರು ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಬರೆಯಬಾರದು ಎಂದು ನಾನೇ ಮಕ್ಕಳಿಗೆ ಕಲಿಸಿದ್ದೇನೆ. ನನ್ನ ಹಿಂದೆ ಕ್ಯೂದಲ್ಲಿ ನಿಂತಿದ್ದವರೆಲ್ಲ ನಮ್ಮ ಸೀಮೆಯವರು. ಅವರ ಎದುರಿಗೆ, "ಸ್ವಾಮೀ, ನನ್ನ ಜನಿವಾರ, ಅದರಲ್ಲೊಂದು ಪಿನ್" ಎಂದು ಹೇಳುವುದು ನನ್ನ ಬಾಯಿಗೆ ಬರಲಿಲ್ಲ. ಮತ್ತು ಪಿನ್ ಇತ್ತೆಂಬುದಕ್ಕೆ ಖಾತ್ರಿಯಾದರೂ ಎಲ್ಲಿತ್ತು? ಇರಬಹುದು, ಇಲ್ಲದಿರಬಹುದು. ಈ 'ಇಲ್ಲದಿರಬಹುದು' ಎಂಬ ಕೊಂಬೆಗೆ ನಾನು ಜೋತುಬಿದ್ದೆ.

ಡಾಕ್ಟರು ಲಿಕ್ವಿಡ್ ಪ್ಯಾರಾಫಿನ್ ಕೊಟ್ಟರು. "ಇದನ್ನ ಚಮಚದ್ಲೆ ಹಾಕ್ರಿ. ಗಂಜಿ ನೀರು ಕೊಡ್ರಿ. ಹೊಟ್ಟೀನ ಹಗರಕ ಕೈಲೆ ನೀವ್ರಿ. ಬರೇ ದಾರ ಇದ್ರ ಹೊರಗ ಬಂದೀತು. ಹಿಂದಿನ ಕಡೀಂದ ತುದಿ ಕಂಡ್ರೂ ಎಳೀಬ್ಯಾಡ್ರಿ ಮತ್ತ."

ಬರೇ ದಾರ ಇದ್ದರೆ.

ಮನೆಗೆ ಬಂದು ಡಾಕ್ಟರ ಸೂಚನೆಗಳನ್ನು ಗೋದಾತ್ಯಾಗೆ ಒಪ್ಪಿಸಿದೆ. ಅವಳು ವೇದವಾಕ್ಯದಂತೆ ಕೇಳಿಸಿಕೊಂಡಳು. ಆ ಸಂಜೆಯಿಂದಲೇ ಶುರು ಮಾಡಿದಳು. ಬೆರಳಿಗೆ ಒಳ್ಳೆಣ್ಣೆ ಹಚ್ಚಿಕೊಂಡು, ಭಾಗೀರಥಿಯನ್ನು ತೊಡೆಯ ಮೇಲೆ ಮಗ್ಗುಲಾಗಿ ಮಲಗಿಸಿಕೊಂಡು, ಎದೆಯಿಂದ ಕೆಳಗೆ, ಎದೆಯಿಂದ ಕೆಳಗೆ. ನಾನು ಪಡಸಾಲೆಯಲ್ಲಿ ಕೂತು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಒಬ್ಬ ಹುಡುಗನ ತಪ್ಪು ಉತ್ತರಕ್ಕೆ ಪೂರ್ತಿ ಗುಣ ಕೊಟ್ಟೆ.

ಮರುದಿನ ಬೆಳಿಗ್ಗೆಯೂ ಅದೇ. ಒದ್ದೆ ಸೀರೆ, ಒಲೆಯ ಮೇಲೆ ಬೇಳೆ, ಮಡಿಲಲ್ಲಿ ಬೆಕ್ಕು. ಆದರೆ ಬೆಕ್ಕು ಈಗ ಮೊದಲಿನ ಬೆಕ್ಕಲ್ಲ. ಬೆನ್ನಿನ ಎಲುಬು ಎಣಿಸುವಂತೆ ಎದ್ದಿದ್ದವು. ಕಣ್ಣಿನ ಒಳಗಿನ ಬಿಳಿ ಪರದೆ ಅರ್ಧ ಮುಚ್ಚಿತ್ತು. ಅತ್ಯಾ ಅದಕ್ಕೆ ಪಿಸುಮಾತಿನಲ್ಲಿ ಹೇಳುತ್ತಿದ್ದಳು: "ಬಂತು, ಬಂತು, ಇನ್ನೊಂದೀಟು ತಾಳು ನಮ್ಮವ್ವಾ. ಕೆಳಗ ಗಂಟಿನಂಗ ಹತ್ತಲಿಕ್ಕತ್ತದ. ಇದss ಇರಬೇಕು."

ಅವಳು ಹೆಬ್ಬೆರಳಿನಿಂದ ಆ ಗಂಟನ್ನು ಮೆಲ್ಲಗೆ ಒತ್ತಿದಳು. ಭಾಗೀರಥಿ ಮಿಡುಕಿತು. ಅವಳನ್ನು ಪರಚಲಿಲ್ಲ. ಬಾಯಿ ತೆರೆಯಿತು, ಸ್ವರ ಬರಲಿಲ್ಲ.

ಹೊಸ್ತಿಲ ಮೇಲೆ ನಿಂತಿದ್ದ ನಾನು ಅಂದೆ: "ಅತ್ಯಾ, ಒತ್ತಬ್ಯಾಡ."

"ಯಾಕ? ಡಾಕ್ಟರss ಹೇಳ್ಯಾರಂತಲ್ಲ?"

"ಒಳಗ ಪಿನ್ ಇರಬಹುದು."

"ಯಾರ ಪಿನ್?"

ಯಾವ ಪಿನ್ ಎಂದು ಅವಳು ಕೇಳಲಿಲ್ಲ. ಯಾರದು ಎಂದು ಕೇಳಿದಳು.

"ನಂದು. ಜನಿವಾರದಾಗ ಸಿಗಸಿದ್ದೆ. ತಗದೆನೋ ಇಲ್ಲೋ ನೆನಪಿಲ್ಲ."

ಅವಳ ಕೈ ಕಾದ ಪಾತ್ರೆ ಮುಟ್ಟಿದಂತೆ ಆ ಹೊಟ್ಟೆಯಿಂದ ಮೇಲೆದ್ದಿತು. ಎದ್ದದ್ದು ಗಾಳಿಯಲ್ಲಿಯೇ ನಿಂತಿತು. ಬೇಳೆ ಉಕ್ಕಿ ಒಲೆಗೆ ಸುರಿಯಿತು. ಅವಳು ಆ ಕಡೆ ನೋಡಲಿಲ್ಲ. ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಬೈಗುಳ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಗೋದಾತ್ಯಾನ ಬೈಗುಳದ ಕೋಶ ಅಮರಕೋಶಕ್ಕಿಂತ ದೊಡ್ಡದು, ಅದರಲ್ಲಿ ನನಗೆಂದೇ ಒಂದು ವರ್ಗ ಇದೆ.

"ನಿನ್ನೆ ಸಂಜೀಲಿಂದ ಒತ್ತಲಿಕ್ಕತ್ತೇನಿ ಸೀನೂ," ಅಂದಳು. ಅಷ್ಟೇ.

ಬೆಕ್ಕಿಗೆ ನೋವು ಕೊಟ್ಟವನು ನಾನು. ಆದರೆ ಆ ನೋವನ್ನು ಅವಳ ಬೆರಳುಗಳಿಂದ ಕೊಡಿಸಿದೆ. ಊರಲ್ಲಿ ಮರ್ಯಾದೆ ಉಳಿಯಲಿ, ಬೈಗುಳ ತಪ್ಪಲಿ ಎಂದು ನಾನು ನುಂಗಿದ ಒಂದು ಮಾತು, ಬೆಕ್ಕು ನುಂಗಿದ ಪಿನ್ನಿಗಿಂತ ಕಡಿಮೆ ಚೂಪಿನದಲ್ಲ. ದೊಡ್ಡ ಮಾತು ಆಡಿದೆನೇನೋ. ಇರಲಿ. ಆ ದಿನ ಹಾಗೆಯೇ ಅನ್ನಿಸಿತ್ತು.

ಗೋದಾತ್ಯಾ ಎದ್ದಳು. ಒಲೆಯ ಬೆಂಕಿ ಹೊರಗೆಳೆದಳು. ದೇವರಿಗೆ ಒಂದು ಬಾಳೆಹಣ್ಣು ಇಟ್ಟು ಕೈ ಮುಗಿದಳು. ಆ ದಿನ ದೇವರಿಗೂ ಉಪವಾಸ. ಒಣ ಸೀರೆ ಉಟ್ಟು ಬಂದು, "ನಡಿ," ಅಂದಳು.

"ನೀ ಎಲ್ಲಿಗೆ?"

"ನೀ ಒಬ್ಬನss ಹೋದ್ರ ಅಲ್ಲಿ ಮತ್ತ ಅರ್ಧಾ ಹೇಳಿ ಬರ್ತಿ."

ಯಾತ್ರೆ ಬಿಟ್ಟರೆ ಬಸ್ಸು ಹತ್ತದ ಹೆಂಗಸು. ಸೀಟಿನಲ್ಲಿ ಅವಳ ಪಕ್ಕಕ್ಕೆ ಹಿರೇಬೆಂಡಿಗೇರಿಯ ಒಬ್ಬ ಹೆಣ್ಣುಮಗಳು, ಮೆಣಸಿನಕಾಯಿ ಚೀಲ ಕಾಲ ಬುಡದಲ್ಲಿ ಇಟ್ಟುಕೊಂಡು, ಭುಜಕ್ಕೆ ಭುಜ ಹಚ್ಚಿ ಕೂತಳು. ಅತ್ಯಾ ಸರಿಯಲಿಲ್ಲ. ಎರಡೂ ಕೈಯಿಂದ ಬುಟ್ಟಿ ಹಿಡಿದಿದ್ದಳು.

"ಬುಟ್ಟ್ಯಾಗ ಏನೈತ್ರೀ ಅಮ್ಮಾರ?" ಆ ಹೆಣ್ಣುಮಗಳು ಕೇಳಿದಳು.

ಅತ್ಯಾ ನನ್ನ ಕಡೆ ಗದ್ದ ತೋರಿಸಿದಳು. "ಇವನ ಪ್ರತಾಪ."

ಡಾಕ್ಟರಿಗೆ ನಾನೇ ಹೇಳಿದೆ. ಜನಿವಾರ, ಪಿನ್, ಎಲ್ಲ. ಕ್ಯೂ ಪೂರ್ತಿ ಕೇಳಿಸಿಕೊಂಡಿತು. ಯಾರೂ ನಗಲಿಲ್ಲ. ಎಮ್ಮೆಯ ಮಾಲಕನೊಬ್ಬ ತನ್ನ ಉಡದಾರ ಮುಟ್ಟಿ ನೋಡಿಕೊಂಡ. ಅದರಲ್ಲೂ ಕೀಲಿಕೈ ಇತ್ತು.

ಡಾಕ್ಟರು ಸ್ಟೆತಾಸ್ಕೋಪು ಕೊರಳಿಂದ ತೆಗೆದು ಮೇಜಿನ ಮೇಲೆ ಇಟ್ಟರು. "ಮಾಸ್ತರ, ನಿಮ್ಮ ಕ್ಲಾಸಿನ್ಯಾಗ ಹುಡುಗ ಹಿಂಗ ಅರ್ಧಾ ಉತ್ತರಾ ಬರದ್ರ ಎಷ್ಟು ಮಾರ್ಕ್ಸ್ ಹಾಕ್ತಿದ್ರಿ?"

"ಸೊನ್ನೆ."

"ಹಾಂ. ನಿನ್ನೇನss ಹೇಳಿದ್ರ ನಾ ಪ್ಯಾರಾಫಿನ್ ಕೊಡತಿದ್ದಿಲ್ಲ. ಹೊಟ್ಟಿ ನೀವಸ್ತಿದ್ದಿಲ್ಲ. ಒಂದ್ ದಿನಾ ಕಳದೀವಿ. ಬೆಕ್ಕಿನ ಒಂದ್ ದಿನಾ ಅಂದ್ರ ಸಣ್ಣದಲ್ರಿ." ಹೊಟ್ಟೆಯನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದರು. "ಕರುಳು ಗಡಸಾಗ್ಯಾವು. ಪಿನ್ ಐತೋ ಇಲ್ಲೋ, ಇದ್ರ ಮುಚ್ಚೈತೋ ಬಿಚ್ಚೈತೋ, ನೋಡಲಾರದ ನಾ ಬ್ಲೇಡ್ ಹಚ್ಚಂಗಿಲ್ಲ. ನಮ್ಮ ಕಡೆ ಎಕ್ಸರೇ ಇಲ್ಲ. ಹಾನಗಲ್ಲಾಗ ನನ್ನ ಗುರುತಿನ ಡಾಕ್ಟರ ಅದಾರ. ಮನಷ್ಯಾರ ಡಾಕ್ಟರ. ಚೀಟಿ ಕೊಡ್ತೇನಿ, ಹಿಂದ ಮುಂದ ನೋಡಬ್ಯಾಡ್ರಿ, ಈಗ ಹೋಗ್ರಿ."

ಹಾನಗಲ್ಲಿನ ಆ ಡಾಕ್ಟರು ಚೀಟಿ ಓದಿ, ನಮ್ಮನ್ನು ನೋಡಿ, ಬುಟ್ಟಿ ನೋಡಿ, ಮತ್ತೆ ಚೀಟಿ ಓದಿದರು. ಬೆಂಚಿನ ಮೇಲೆ ಕೈ ಮುರಿದವರು, ಕೆಮ್ಮುವವರು ಕೂತಿದ್ದರು. ಎಕ್ಸರೇ ತೆಗೆಯುವಾತ ಪೇಷಂಟಿನ ಹೆಸರು ಕೇಳಿದ. ಗೋದಾತ್ಯಾ ಹೇಳಿದಳು. ಆತ "ಭಾಗೀರಥಿಬಾಯಿ" ಎಂದು ಬರೆದುಕೊಂಡು "ಎಲ್ಲದಾರ ಅವರು?" ಎಂದು ಬಾಗಿಲ ಕಡೆ ನೋಡಿದ. ಬೇರೆ ದಿನವಾಗಿದ್ದರೆ ನಾನು ಇದನ್ನು ಶಾಲೆಯಲ್ಲಿ ವರ್ಷಗಟ್ಟಲೆ ಹೇಳಿಕೊಂಡು ತಿರುಗುತ್ತಿದ್ದೆ.

ತಣ್ಣನೆಯ ಪ್ಲೇಟಿನ ಮೇಲೆ ಮುಂಗಾಲು ಅತ್ಯಾ ಹಿಡಿದಳು, ಹಿಂಗಾಲು ನಾನು. ಭಾಗೀರಥಿ ಬಿಡಿಸಿಕೊಳ್ಳಲು ನೋಡಲೇ ಇಲ್ಲ. ಅದು ನನ್ನನ್ನು ಹೆಚ್ಚು ಹೆದರಿಸಿತು.

ಒದ್ದೆ ಫಿಲ್ಮನ್ನು ಡಾಕ್ಟರು ಕಿಟಕಿಗೆ ಹಿಡಿದರು. ಬೂದು ಬಣ್ಣದ ಸಣ್ಣ ಸಣ್ಣ ಎಲುಬು. ನಡುವೆ, ಯಾರೋ ಬೆಳ್ಳಿಯ ಮಸಿಯಿಂದ ಬರೆದಂತೆ, ನನ್ನ ಪಿನ್.

ಬಿಚ್ಚಿತ್ತು.

ಮತ್ತೆ ಬಸ್ಸು ಹತ್ತಿ ಶಿಗ್ಗಾವಿಗೆ ಮರಳಿದೆವು. ರಸ್ತೆಯ ಒಂದೊಂದು ತಗ್ಗಿಗೂ ಅತ್ಯಾ ಬುಟ್ಟಿಯನ್ನು ತೊಡೆಯಿಂದ ಮೇಲೆತ್ತಿ ಗಾಳಿಯಲ್ಲಿ ಹಿಡಿಯುತ್ತಿದ್ದಳು. "ನಾ ಹಿಡೀತೇನಿ ಕೊಡು" ಅಂದೆ. ಕೊಡಲಿಲ್ಲ.

ಶಿಗ್ಗಾವಿಯ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನನಗಲ್ಲ, ಅತ್ಯಾಗೆ ಹೇಳಿದರು. "ಅಮ್ಮಾರ, ಎತ್ತಿನ ಹೊಟ್ಟಿ ತಗದೇನಿ, ಎಮ್ಮಿದು ತಗದೇನಿ. ತಂತಿ, ಮೊಳಿ, ಒಮ್ಮೆ ಒಂದು ಚಪ್ಪಲಿನೂ ತಗದೇನಿ. ಬೆಕ್ಕಿಂದು ತಗದಿಲ್ಲ. ಧಾರವಾಡಕ್ಕ ಒಯ್ಯೋದಾದ್ರ ಒಯ್ರಿ, ಆದ್ರ ಅಲ್ಲಿಗೆ ಮುಟ್ಟೂತನಕ ಇದು ತಡೀತೈತೋ ಇಲ್ಲೋ ಹೇಳಾಕ ಬರಂಗಿಲ್ಲ. ಇಲ್ಲೇ ಮಾಡಂದ್ರ ಮಾಡ್ತೇನಿ. ಉಳೀತೈತಿ ಅಂತ ಮಾತು ಕೊಡಂಗಿಲ್ಲ."

ಅತ್ಯಾ ಕೇಳಿದಳು: "ನಿಮ್ಮ ಮನ್ಯಾಗ ಬೆಕ್ಕ ಅದ ಏನು?"

"ಅದಾವ್ರಿ. ಎರಡು."

"ಮಾಡ್ರಿ."

ಈಥರಿನ ಹತ್ತಿಯನ್ನು ಮೂಗಿಗೆ ಹಿಡಿಯುವ ಕೆಲಸ ಕಂಪೌಂಡರನದು. ತಲೆ ಹಿಡಿಯುವ ಕೆಲಸ ಗೋದಾತ್ಯಾನದು. ನನ್ನನ್ನು ಹೊರಗೆ ಕೂಡಿಸಿದರು. ಹುಣಸೆಮರದ ಕೆಳಗೆ, ದನ ಕಟ್ಟುವ ಗೂಟದ ಪಕ್ಕ, ನಾನು ಹೊಸ ಜನಿವಾರ ಹಿಡಿದುಕೊಂಡು ಕೂತೆ. ಗಾಯತ್ರಿ ಜಪಿಸಬೇಕೆಂದು ಹಿಡಿದದ್ದು. ಬೆರಳಿಗೆ ಕೀಲಿಕೈ ತಾಗಿತು. ಅದನ್ನು ಅಲ್ಲಿಯೇ ಬಿಚ್ಚಿ ಜೇಬಿಗೆ ಹಾಕಿದೆ. ಜಪ ಮುಂದುವರಿಯಲಿಲ್ಲ. ಒಳಗಿನಿಂದ ಸ್ಪಿರಿಟ್ಟಿನ ವಾಸನೆ, ಡಾಕ್ಟರ ತಗ್ಗಿದ ದನಿ: "ಇನ್ನೂ ಒಂದಿಷ್ಟು ಹಿಡೀರಿ ಅಮ್ಮಾರ... ಹಾಂ... ನೋಡಬ್ಯಾಡ್ರಿ ಬೇಕಾದ್ರ." ಅತ್ಯಾನ ದನಿ: "ನಾ ನೋಡ್ತೇನಿ. ನೀವು ನಿಮ್ಮ ಕೆಲಸಾ ನೋಡ್ರಿ."

ಬಾಗಿಲು ತೆರೆದಾಗ ಡಾಕ್ಟರ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು. ತಟ್ಟೆಯಲ್ಲಿ ಕಂದುಬಣ್ಣಕ್ಕೆ ತಿರುಗಿದ ದಾರದ ಮುದ್ದೆ ಮತ್ತು ಪಿನ್. "ಒಂದು ಕಡೆ ಚುಚ್ಚಿತ್ರಿ. ತೂತು ಬಿದ್ದಿತ್ತು. ಹೊಲದೇನಿ. ಉಸಿರಾಡಾಕತ್ತೈತಿ. ಮುಂದಿಂದು ನೋಡೋಣ್ರಿ."

ಆ ತೂತು ಯಾವಾಗ ಬಿತ್ತು ಎಂದು ನಾನು ಕೇಳಲಿಲ್ಲ. ಅತ್ಯಾ ಕೇಳಿದಳು. "ನಾ ಒತ್ತಿದ್ದಕ್ಕ ಬಿತ್ತೇನ್ರಿ?"

ಡಾಕ್ಟರು ಕೈ ತೊಳೆಯುತ್ತಿದ್ದರು. ನಲ್ಲಿ ನಿಲ್ಲಿಸಿದರು. "ಹೇಳಾಕ ಬರಂಗಿಲ್ರಿ. ಒತ್ತಲಾರದನೂ ಬೀಳತಿತ್ತು." ನನ್ನ ಕಡೆ ನೋಡಲಿಲ್ಲ. ಅದು ಅವರ ದೊಡ್ಡತನ. ನೋಡಿದ್ದರೆ, ಅದು ನನ್ನಿಂದಲೇ ಬಿತ್ತೆಂದು ನಾನು ಒಪ್ಪಿಕೊಳ್ಳುತ್ತಿದ್ದೆ.

ಮನೆಗೆ ತಂದೆವು. ಮೊದಲ ಕೆಲವು ದಿನ ಯಾವುದಕ್ಕೂ ಖಾತ್ರಿ ಇರಲಿಲ್ಲ. ಜ್ವರ ಬಂತು, ಕಿವಿ ಸುಡುತ್ತಿದ್ದವು. ನಮ್ಮೂರ ದನದ ದವಾಖಾನೆಯ ಕಂಪೌಂಡರನು ಬಂದು ಪೆನಿಸಿಲಿನ್ ಚುಚ್ಚಿ ಹೋಗುತ್ತಿದ್ದ. ಹತ್ತಿಯಿಂದ ಗ್ಲೂಕೋಸಿನ ನೀರನ್ನು ತುಟಿಗೆ ಹಿಂಡುತ್ತಿದ್ದೆವು. ಒಂದು ಬೆಳಿಗ್ಗೆ ಅದು ಹತ್ತಿಯನ್ನು ಬಿಟ್ಟು ಬಟ್ಟಲಿನ ಕಡೆ ಕತ್ತು ಚಾಚಿತು. ಸುಶೀಲಾ "ಅಯ್ಯ, ಕುಡೀಲಿಕ್ಕತ್ತದರೀ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು.

ಹೊಲಿಗೆ ನೆಕ್ಕಬಾರದು, ನೆಕ್ಕಿದರೆ ಬಿಚ್ಚುತ್ತವೆ ಎಂದಿದ್ದರು ಡಾಕ್ಟರು. ಸುಶೀಲಾ ನನ್ನ ಹಳೆಯ ಧೋತರ ಹರಿದು ಬೆಕ್ಕಿಗೊಂದು ಅಂಗಿ ಹೊಲಿದಳು. ಹೀಗಾಗಿ ಭಾಗೀರಥಿಯ ಸ್ನಾನ ನಿಂತಿತು. ಇಲ್ಲಿ ಒಂದು ಶಾಸ್ತ್ರಜಿಜ್ಞಾಸೆ ಹುಟ್ಟಿತು. ಸ್ನಾನವಿಲ್ಲದ, ದವಾಖಾನೆಯ ನೀರು ಕಂಡ, ನನ್ನ ಹಳೆ ಧೋತರ ಉಟ್ಟ ಬೆಕ್ಕು ಮಡಿಗೆ ಸಲ್ಲುತ್ತದೆಯೇ? ನಾನು ಬಹಳ ಗಂಭೀರವಾಗಿ ಇದನ್ನು ಅತ್ಯಾನ ಮುಂದೆ ಇಟ್ಟೆ. ಸ್ವಲ್ಪ ನಗಲಿ ಎಂದು. ಆಸ್ಪತ್ರೆಯಿಂದ ಬಂದಾಗಿನಿಂದ ಅವಳು ನನ್ನೊಂದಿಗೆ ಕೆಲಸಕ್ಕೆ ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದಳು.

"ನೀ ಓದಿದಾಂವ. ಪುಸ್ತಕಾ ನೋಡಕೋತ ಕೂಡು," ಅಂದು ಅವಳು ಬೆಕ್ಕನ್ನು ಎತ್ತಿ ಒದ್ದೆ ಸೀರೆಯ ಮಡಿಲಿಗೆ ಹಾಕಿಕೊಂಡಳು. ನಗಲಿಲ್ಲ.

ಗಾಯವನ್ನು ದಿನಾ ಬೆಳಿಗ್ಗೆ, ಹಾಲು ಕುಡಿಸುವ ಮುಂಚೆ, ಸ್ಪಿರಿಟ್ಟಿನಿಂದ ಒರೆಸಬೇಕಿತ್ತು. ಅದಕ್ಕೆ ಇಬ್ಬರು ಬೇಕು. ಒಬ್ಬರು ಕಾಲು ಹಿಡಿಯಲು, ಒಬ್ಬರು ಒರೆಸಲು. ಸುಶೀಲಾಗೆ ಗಾಯ ಕಂಡರೆ ಕಣ್ಣು ಕತ್ತಲೆ. ಮೊದಲನೇ ಬೆಳಿಗ್ಗೆ ಅಡಿಗೆಮನೆಯಿಂದ ದನಿ ಬಂತು.

"ಸೀನೂ, ಬಾ. ಕಾಲ ಹಿಡಿ."

ನಾನು ಹೊಸ್ತಿಲಲ್ಲಿ ನಿಂತೆ. "ನಂದು ಇನ್ನೂ ಸ್ನಾನ ಆಗಿಲ್ಲ ಅತ್ಯಾ."

"ನನಗ ಕಣ್ಣಿಲ್ಲೇನು? ಸ್ಪಿರಿಟ್ ಮೈಲಿಗಿ, ರಕ್ತ ಮೈಲಿಗಿ. ಹೆಂಗೂ ಮತ್ತ ನೀರ ಹಾಕ್ಕೋಬೇಕು. ಅದರಾಗ ನಿಂದೇನು ಹೆಚ್ಚು? ಬಾ."

ಹೋದೆ. ಒಲೆಯ ಪಕ್ಕದ ಆ ಇಕ್ಕಟ್ಟಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂಡಬೇಕು. ನಾನು ಕಾಲುಗಳನ್ನು ಹಿಡಿದದ್ದು ಸರಿಯಾಗಲಿಲ್ಲ. ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಸರಿಸಿ, "ಹಿಂಗ," ಎಂದು ತನ್ನ ಬೆರಳಿನಿಂದ ಒತ್ತಿ ತೋರಿಸಿದಳು. ತಣ್ಣಗಿದ್ದವು. ತುದಿಯಲ್ಲಿ ಒಲೆಯ ಸುಟ್ಟ ಕಲೆ. ಹೊಲಿಗೆ ಒರೆಸಿ ಮುಗಿದ ಮೇಲೆ ಅವಳು ಎದ್ದು ಬಚ್ಚಲಿಗೆ ಹೋದಳು. ಮೈಮೇಲೆ ತಣ್ಣೀರು ಸುರಿದುಕೊಳ್ಳುವ ಸಪ್ಪಳ ಕೇಳಿತು. ಆಮೇಲೆ ಕೆಮ್ಮು.

ದಿನಾ ಹೀಗೆ. ಶ್ರಾವಣದ ಥಂಡಿಯಲ್ಲಿ ಆ ವಯಸ್ಸಿನವಳು ನನ್ನ ಒಂದು ಪಿನ್ನಿನ ಸಲುವಾಗಿ ಎರಡೆರಡು ಸಲ ನೀರು ಸುರಿದುಕೊಳ್ಳುತ್ತಿದ್ದಳು. "ಗಾಯಾ ಮಧ್ಯಾಹ್ನ ಒರಸೋಣು, ಊಟಾದ ಮ್ಯಾಲೆ" ಎಂದೆ. "ಡಾಕ್ಟರ ಹೇಳಿದ್ದಕ್ಕ ನೀ ಇನ್ನ ನಿನ್ನ ತಲಿ ಸೇರಿಸಬ್ಯಾಡ" ಎಂದಳು. ಅದೇ ಆ ವಾರದಲ್ಲಿ ಅವಳು ನನಗೆ ಹೇಳಿದ ಅತಿ ಉದ್ದನೆಯ ವಾಕ್ಯ. ನನಗೆ ಅದು ಪ್ರಸಾದ ಸಿಕ್ಕಂತಾಯಿತು.

ನಿನ್ನೆ ಹೊಲಿಗೆ ಬಿಚ್ಚಿಸಿಕೊಂಡು ಬಂದೆವು. ಡಾಕ್ಟರು ಬೆಕ್ಕನ್ನು ಮೇಜಿನ ಮೇಲೆ ನಡೆಸಿ ನೋಡಿ, "ಇನ್ನ ಒರಸೋದೇನು ಬ್ಯಾಡ್ರಿ. ಒಂದೀಟು ಕರುಳು ದಪ್ಪ ಉಳದೈತಿ, ಜಡಾ ಏನೂ ಹಾಕಬ್ಯಾಡ್ರಿ. ಮುಂದ ಮತ್ತ ವಾಂತಿ ಮಾಡಿದ್ರ ತಡಾ ಮಾಡಬ್ಯಾಡ್ರಿ," ಅಂದರು. ಪೂರ್ತಿ ಗುಣ ಆಯಿತು ಎಂದು ಅವರು ಹೇಳಲಿಲ್ಲ. ನಾವೂ ಕೇಳಲಿಲ್ಲ. ಮನೆಗೆ ಬಂದು ಅಂಗಿ ಬಿಚ್ಚಿದೆವು. ಭಾಗೀರಥಿ ಸಂಜೆತನಕ ನೆಕ್ಕಿಕೊಂಡಿತು. ಇಷ್ಟು ದಿನದ ಬಾಕಿ ಸ್ನಾನ.

ಇಂದು ಬೆಳಿಗ್ಗೆ ನಾನು ಕಟ್ಟೆಯ ಮೇಲೆ ಕೂತಿದ್ದೆ. ಸ್ಪಿರಿಟ್ಟಿಲ್ಲ, ರಕ್ತವಿಲ್ಲ. ಅಡಿಗೆಮನೆಯಲ್ಲಿ ನನ್ನ ಕೆಲಸ ಮುಗಿದಿತ್ತು. ಇನ್ನು ಅತ್ಯಾಗೆ ಒಂದೇ ಸ್ನಾನ ಸಾಕು ಎಂದು ನನಗೆ ಸಮಾಧಾನವೂ ಆಗಿತ್ತು. ಸಮಾಧಾನದ ಜೊತೆಗೆ ಇನ್ನೇನೋ ಇತ್ತು, ಅದಕ್ಕೆ ನಾನು ಹೆಸರು ಹುಡುಕಲು ಹೋಗಲಿಲ್ಲ.

"ಸೀನೂ, ಎಲ್ಲಿದ್ದೀ? ಕಾಲ ಹಿಡಿ ಬಾ."

"ಹೊಲಿಗಿ ಬಿಚ್ಚ್ಯಾರಲ್ಲ ಅತ್ಯಾ. ಒರಸೋದು ಬ್ಯಾಡ ಅಂದಾರ."

"ಗೊತ್ತದ. ಕೂದಲ ಬಂದಾವೇನು ನೋಡೋಣು ಬಾ."

ಹೋಗಿ ಕೂತೆ. ಕಾಲು ಹಿಡಿದೆ, ಈಗ ಸರಿಯಾಗಿಯೇ. ಬೋಳಿಸಿದ ಗುಲಾಬಿ ಹೊಟ್ಟೆಯ ಮೇಲೆ ಹೊಲಿಗೆಯ ಗುರುತು ಗೆರೆಯಂತೆ ಇತ್ತು. ಕೂದಲು ಬಂದಿರಲಿಲ್ಲ. ರಾತ್ರಿ ಕಳೆಯುವುದರೊಳಗೆ ಬರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಆದರೂ ತಲೆಗೆ ತಲೆ ತಾಗುವಂತೆ ಬಗ್ಗಿ ಬಹಳ ಹೊತ್ತು ನೋಡಿದೆವು. ಅತ್ಯಾ ಒಂದು ಬೆರಳಿನಿಂದ, ಮುಟ್ಟಿತೋ ಇಲ್ಲವೋ ಎಂಬಷ್ಟು ಹಗುರವಾಗಿ, ಆ ಗೆರೆಯ ಪಕ್ಕಕ್ಕೆ ಸವರಿದಳು. ಒತ್ತಲಿಲ್ಲ. ಇಷ್ಟು ಉಪಚಾರ ಸಾಕೆನಿಸಿ ಭಾಗೀರಥಿ ನನ್ನ ಹೆಬ್ಬೆರಳನ್ನು ಕಚ್ಚಿತು.

"ಛಲೋ ಆತು," ಅಂದಳು ಗೋದಾತ್ಯಾ.

ಅವಳು ಗೋಡೆಗೆ ಕೈ ಕೊಟ್ಟು ಎದ್ದು ಎರಡನೇ ಸ್ನಾನಕ್ಕೆ ಬಚ್ಚಲ ಕಡೆ ನಡೆದಳು. ಹಂಡೆಯಲ್ಲಿ ನೀರು ತಳ ಕಂಡಿತ್ತು. ನಾನು ಹೆಬ್ಬೆರಳು ಚೀಪಿಕೊಳ್ಳುತ್ತ ಕೊಡ ಎತ್ತಿಕೊಂಡು ಬಾವಿಗೆ ಹೋದೆ.